ಮೇಲಿನ ದನಿಯ ಕೆಲಸ: ಆಲ್ಪ್ಸ್ ಹಾಡುಗಳ ಜೊತೆ ನನ್ನ ಅನುಭವ

ಆಸ್ಟ್ರಿಯಾದ ಬೆಟ್ಟದ ಸೀಮೆಯ ಹಾಡುಗಳಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ ಕೇಳುವ ದನಿ ಮುಖ್ಯ ದನಿಯಲ್ಲ. ಹಾಡಿನ ಮಟ್ಟು ಇರುವುದು ಅದರ ಕೆಳಗೆ. ಒಬ್ಬರು ಮಟ್ಟನ್ನು ಎತ್ತಿಕೊಳ್ಳುತ್ತಾರೆ, ಇನ್ನೊಬ್ಬರು ಷಡ್ಜಕ್ಕೆ ಗಾಂಧಾರ ಸೇರಿಸುವ ಅಂತರದಲ್ಲಿ ಮೇಲಿನಿಂದ ಜೊತೆಗೂಡುತ್ತಾರೆ, ಮೂರನೆಯವರು ತಳದಲ್ಲಿ ಆಧಾರ ಕೊಡುತ್ತಾರೆ. ಮೇಲೆ ಹಾಡುವವರ ಶಾರೀರ ಎಷ್ಟೇ ಸೊಗಸಾಗಿರಲಿ, ಕೇಳುವವರ ಕಿವಿಗೆ ಮೊದಲು ಬೀಳಬೇಕಾದದ್ದು ನಡುವಿನ ಮಟ್ಟು. ವರ್ಷಗಟ್ಟಲೆ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿತು, ಮೇಲಿನ ಸಾಲನ್ನು ಸಭಾಂಗಣದ ಕೊನೆಯವರೆಗೆ ತಲುಪಿಸುವುದೇ ಕೆಲಸ ಎಂದುಕೊಂಡಿದ್ದ ನನ್ನಂಥವರು ಈ ಹಾಡುಗಳ ಬಳಿ ಬಂದಾಗ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು. ಉಳಿದದ್ದೆಲ್ಲ ಇದರಿಂದಲೇ ಬಿಚ್ಚಿಕೊಳ್ಳುತ್ತದೆ.

ನಾನು ಮೈಸೂರಿನವಳು. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು, ಆಮೇಲೆ ಪಿಯಾನೊ ಮತ್ತು ಕಾಯರ್ ಹಾಡಿಕೆ ನನ್ನನ್ನು ಇನ್ನೊಂದು ದಾರಿಗೆ ಎಳೆದುಕೊಂಡವು. ಆಸ್ಟ್ರಿಯಾದ ಗ್ರಾಟ್ಸ್ ನಗರಕ್ಕೆ ಬಂದು ಲೀಡ್ ಮತ್ತು ಓರಟೋರಿಯೊ ಗಾಯನ ಕಲಿತೆ. ಓರಟೋರಿಯೊ ಎಂದರೆ ಹೆಚ್ಚಾಗಿ ಧಾರ್ಮಿಕ ಕಥನವನ್ನು ವೇಷ, ಅಭಿನಯಗಳಿಲ್ಲದೆ ವಾದ್ಯವೃಂದದ ಜೊತೆ ಹಾಡುವ ದೊಡ್ಡ ಕೃತಿ. ಲೀಡ್ ಎಂದರೆ ಶೂಬರ್ಟ್, ಬ್ರಾಮ್ಸ್ ಮುಂತಾದವರು ಕವಿತೆಗಳಿಗೆ ಪಿಯಾನೊ ಜೊತೆಗೆ ಮಾಡಿದ ಹಾಡುಗಳು. ನನ್ನದು ಮೆಝೊ-ಸೊಪ್ರಾನೊ, ಅಂದರೆ ಹೆಣ್ಣುದನಿಗಳಲ್ಲಿ ನಡುವಿನದು. ಓದು ಮುಗಿದ ಮೇಲೆ ಚರ್ಚುಗಳಲ್ಲಿ ಬಾಖ್, ಸಣ್ಣ ಸಭೆಗಳಲ್ಲಿ ಶೂಬರ್ಟ್ ಹಾಡಿಕೊಂಡು ಇಲ್ಲೇ ನೆಲೆ ನಿಂತೆ. ಆ ಹೊತ್ತಿಗೆ ಸ್ಟೈಯರ್‌ಮಾರ್ಕ್ ಪ್ರಾಂತ್ಯದ ವಾಯವ್ಯ ತುದಿಯಲ್ಲಿರುವ ಗ್ರುಂಡ್ಲ್‌ಸೇ ಸರೋವರದ ಕಡೆಯ ಒಂದು ಮನೆತನದ ಮೇಳಕ್ಕೆ ಮೂರನೆಯ ಹೆಣ್ಣುದನಿ ಬೇಕಾಗಿತ್ತು. ಅಕ್ಕ ಝಿಟರ್ ನುಡಿಸುತ್ತಾರೆ, ತಂಗಿ ಹಾರ್ಪ್, ಇಬ್ಬರೂ ಹಾಡುತ್ತಾರೆ. ಅವರ ಜೊತೆಗೆ ಹಾಕ್‌ಬ್ರೆಟ್, ಗಿಟಾರ್ ಮತ್ತು ಕಂಟ್ರಾಬಾಸ್ ನುಡಿಸುವ ಮೂವರು. ಕ್ರಿಸ್‌ಮಸ್ ಕಚೇರಿಯೊಂದರಲ್ಲಿ ನಾನು ಹಾಡಿದ್ದನ್ನು ಕೇಳಿದ್ದ ತಂಗಿ ಫೋನ್ ಮಾಡಿ ಕರೆದರು. ಗ್ರಾಟ್ಸ್‌ನಿಂದ ರೈಲು ಹತ್ತಿ, ಶ್ಟೈನಾಖ್-ಇರ್ಡ್ನಿಂಗ್‌ನಲ್ಲಿ ಗಾಡಿ ಬದಲಿಸಿ, ಬಾಟ್ ಔಸ್ಸೇಗೆ ಹೋಗಿ ಇಳಿಯುವ ಆ ದಾರಿ ಈಗ ನನಗೆ ಮನೆಯ ದಾರಿಯಷ್ಟೇ ಪರಿಚಿತ.

ತಾಲೀಮು ನಡೆಯುವುದು ಅವರ ಮನೆಯ ಸ್ಟೂಬೆಯಲ್ಲಿ. ಮರದ ಹಲಗೆ ಹೊದಿಸಿದ ಗೋಡೆ, ತಗ್ಗು ಸೂರು, ಮೂಲೆಯಲ್ಲಿ ದೊಡ್ಡ ಒಲೆ, ಅದರ ಸುತ್ತ ಬೆಂಚು, ಎದುರಿಗೆ ಊಟದ ಮೇಜು ಇರುವ ನಡುಮನೆ ಅದು. ಸ್ಟೂಬೆನ್‌ಮುಸೀಕ್ ಎಂದು ಈ ಬಗೆಯ ಮೇಳಕ್ಕೆ ಹೆಸರು ಬಂದದ್ದೂ ಆ ಕೋಣೆಯಿಂದಲೇ. ಹಾಕ್‌ಬ್ರೆಟ್ ನಮ್ಮ ಸಂತೂರಿನ ದಾಯಾದಿ. ಅಗಲವಾದ ಮರದ ಪೆಟ್ಟಿಗೆಯ ಮೇಲೆ ಬಿಗಿದ ತಂತಿಗಳನ್ನು ಎರಡು ಸಣ್ಣ ಕೋಲುಗಳಿಂದ ತಟ್ಟಿ ನುಡಿಸುತ್ತಾರೆ. ಇಂದು ಬಳಕೆಯಲ್ಲಿರುವ, ಹನ್ನೆರಡೂ ಸ್ವರಸ್ಥಾನಗಳಿರುವ ಸಾಲ್ಜ್‌ಬರ್ಗ್ ಮಾದರಿ 1930ರ ದಶಕದಲ್ಲಿ ಟೋಬಿ ರೈಸರ್ ಎಂಬವರ ಮುತುವರ್ಜಿಯಿಂದ ರೂಪುಗೊಂಡಿತು. ಅದು ಬಂದ ಮೇಲೆಯೇ ಹಾಕ್‌ಬ್ರೆಟ್, ಝಿಟರ್, ಹಾರ್ಪ್, ಗಿಟಾರ್ ಸೇರಿದ ಈ ಮೇಳದ ನಾದ ಎಲ್ಲೆಡೆ ಹರಡಿತು. ಹಾಗಾಗಿ ತೀರಾ ಪುರಾತನವೆಂದು ಕೇಳುಗರು ನಂಬುವ ಈ ನಾದಕ್ಕೆ ನೂರು ವರ್ಷವೂ ತುಂಬಿಲ್ಲ. ಹಾಡುಗಳು ಹಳೆಯವು, ಜೋಡಣೆ ಹೊಸದು. ಇದು ಗೊತ್ತಾದ ಮೇಲೆ ನನ್ನ ಸಂಕೋಚ ಅರ್ಧ ಇಳಿಯಿತು. ಹೊರಗಿನಿಂದ ಬಂದ ದನಿಗೂ ಇಲ್ಲಿ ಜಾಗವಿದೆ ಎನಿಸಿತು.

ಝಿಟರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನನ್ನ ದನಿಯ ಅಳತೆಗೋಲು ಅದೇ ಆಯಿತು. ಮೇಜಿನ ಮೇಲೆ ಮಲಗಿಸಿ ನುಡಿಸುವ ವಾದ್ಯ ಅದು. ನುಡಿಸುವವರ ಕಡೆಯ ಅಂಚಿನಲ್ಲಿ ಮೆಟ್ಟಿಲುಗಳ ಮೇಲೆ ಐದು ತಂತಿ; ಮಟ್ಟು ಬರುವುದು ಅವುಗಳಲ್ಲಿ. ಆಚೆಗೆ ಸುಮಾರು 30 ತಂತಿಗಳು ಬಿಡಿಯಾಗಿ ಹರಡಿರುತ್ತವೆ. ಜೊತೆಯ ಸ್ವರಗಳು ಅವುಗಳಿಂದ. ಬಲಗೈ ಹೆಬ್ಬೆರಳಿಗೆ ಒಂದು ಲೋಹದ ಉಂಗುರ, ಅದರ ಚೂಪು ತುದಿಯಿಂದ ಮಟ್ಟಿನ ತಂತಿಯನ್ನು ಮೀಟುತ್ತಾರೆ. ಉಂಗುರ ತಂತಿಗೆ ತಾಗುವ ಕ್ಷಣದಲ್ಲಿ ನಾದಕ್ಕಿಂತ ಕೂದಲೆಳೆ ಮೊದಲು ಟಿಕ್ ಎಂದು ಸಣ್ಣ ಸದ್ದಾಗುತ್ತದೆ. ಹಾಡುವಾಗ ಆ ಟಿಕ್ ಕೇಳುತ್ತಿದ್ದರೆ ನನ್ನ ದನಿ ಸರಿಯಾದ ಮಟ್ಟದಲ್ಲಿದೆ; ಅದು ಮುಚ್ಚಿಹೋದರೆ ನಾನು ಜೋರಾಗಿದ್ದೇನೆ. ಅಕ್ಕ ಬಾಯಿಬಿಟ್ಟು ಹೇಳಿದ ಒಂದೇ ನಿಯಮ ಇದು.

ಹೇಳಿದಷ್ಟು ಸುಲಭವಲ್ಲ. ಒಪೆರಾ ಮತ್ತು ಓರಟೋರಿಯೊ ಗಾಯಕರ ಗಂಟಲು ಮೈಕ್ ಇಲ್ಲದೆ ವಾದ್ಯವೃಂದವನ್ನು ದಾಟುವಂತೆ ಪಳಗಿರುತ್ತದೆ. ಸುಮಾರು 3000 ಹರ್ಟ್ಸ್ ಸುತ್ತಮುತ್ತ ನಾದದ ಶಕ್ತಿಯನ್ನು ಒಗ್ಗೂಡಿಸಿದರೆ ವಾದ್ಯವೃಂದದ ಸದ್ದು ಕಡಿಮೆಯಿರುವ ಆ ಜಾಗದಿಂದ ದನಿ ತೂರಿಕೊಂಡು ಹೋಗುತ್ತದೆ. ಸಾವಿರ ಜನರ ಸಭಾಂಗಣದಲ್ಲಿ ಅದು ವರ. ತಗ್ಗು ಸೂರಿನ ಕೋಣೆಯಲ್ಲಿ ಅದೇ ಗುಣ ಹಾಕ್‌ಬ್ರೆಟ್‌ನ ಮೇಲುಸ್ವರಗಳ ಮೇಲೆ ಬಿದ್ದು ಅವನ್ನು ಅಳಿಸಿಬಿಡುತ್ತದೆ. ಉಸಿರನ್ನೇ ತಗ್ಗಿಸಿ ಮೆಲ್ಲಗೆ ಹಾಡುವುದು ಇದಕ್ಕೆ ಪರಿಹಾರವಲ್ಲ. ಹಾಗೆ ಮಾಡಿದರೆ ದನಿ ಸೊರಗುತ್ತದೆ, ಶ್ರುತಿ ಇಳಿಯುತ್ತದೆ. ನಾನು ಮಾಡಿದ್ದು ಹೀಗೆ: ಮೊದಲು ಸಾಹಿತ್ಯವನ್ನು ಮೇಜಿನ ಆಚೆ ಕುಳಿತವರಿಗೆ ಹೇಳುವಂತೆ ಮಾತಿನಲ್ಲಿ ಹೇಳುವುದು, ಅದೇ ಬಾಯಿ, ಅದೇ ದವಡೆ, ಅದೇ ದೂರದ ಅಂದಾಜನ್ನು ಇಟ್ಟುಕೊಂಡು ಮಟ್ಟಿಗೆ ಹತ್ತುವುದು. ಉಸಿರಿನ ಆಸರೆಯನ್ನು ಶಾಸ್ತ್ರೀಯದಲ್ಲಿ ಕಲಿತಂತೆಯೇ ಉಳಿಸಿಕೊಂಡೆ. ಅಂಗುಳನ್ನು ಎತ್ತಿ ಮಾಡಿಕೊಳ್ಳುವ ಬಾಯೊಳಗಿನ ಗುಮ್ಮಟವನ್ನು ಮಾತ್ರ ಇಳಿಸಿದೆ. ನಿಂತು ಹಾಡುವುದನ್ನು ಬಿಟ್ಟು ಬೆಂಚಿನ ಮೇಲೆ ಕುಳಿತೆ. ಕುಳಿತಾಗ ದೇಹ ತಾನಾಗಿಯೇ ದೊಡ್ಡ ಸಭೆಯನ್ನು ಮರೆಯುತ್ತದೆ.

ಇನ್ನು ಮೂರು ದನಿ ಕೂಡುವ ವಿಷಯ. ಇಲ್ಲಿ ಇದನ್ನು ಡ್ರೈಗೆಸಾಂಗ್ ಎನ್ನುತ್ತಾರೆ. ಅಕ್ಕ ಮಟ್ಟು, ತಂಗಿ ಕೆಳದನಿ, ನಾನು ಮೇಲೆ. ಯೋಡಲ್ (ಪದಗಳಿಲ್ಲದೆ, ಕೆಳದನಿಯಿಂದ ಮೇಲುದನಿಗೆ ನೆಗೆಯುವ ಹಾಡಿಕೆ) ಮತ್ತು ಹಲವು ಹಾಡುಗಳ ಚರಣಗಳನ್ನು ವಾದ್ಯವಿಲ್ಲದೆ ಬರಿಯ ದನಿಯಲ್ಲಿ ಹಾಡುತ್ತೇವೆ. ವಾದ್ಯ ಇಲ್ಲದಿದ್ದಾಗ ಮೂರು ದನಿಗಳು ಪಿಯಾನೊದ ಶ್ರುತಿಯನ್ನು ಬಿಟ್ಟು ಸಹಜ ಶ್ರುತಿಗೆ ಇಳಿಯುತ್ತವೆ. ಪಿಯಾನೊದ ಗಾಂಧಾರ ಷಡ್ಜದಿಂದ 400 ಸೆಂಟ್ ಎತ್ತರದಲ್ಲಿದೆ; ಸೆಂಟ್ ಎಂದರೆ ಪಿಯಾನೊದ ಅರ್ಧ ಸ್ವರದ ನೂರನೆಯ ಒಂದು ಪಾಲು. 5:4ರ ಅನುಪಾತದ ಸಹಜ ಗಾಂಧಾರ ಸುಮಾರು 386 ಸೆಂಟ್. ಕೇಳುವವರಿಗೆ ಈ 14 ಸೆಂಟ್ ಅಂತರ ಅಂಕಿಯಾಗಿ ತೋರದೇ ಇರಬಹುದು, ಆದರೆ ಸ್ವರ ಅಲ್ಲಿಗೆ ಹೋಗಿ ಕೂತ ಕ್ಷಣ ಮೂರು ದನಿಗಳ ನಡುವೆ ನಾಲ್ಕನೆಯದೊಂದು ಮೊಳಗುತ್ತದೆ. ಈ ಗಾಂಧಾರವನ್ನು ನಾನು ಗ್ರಾಟ್ಸ್‌ನಲ್ಲಿ ಕಲಿಯಲಿಲ್ಲ. ಮೈಸೂರಿನಲ್ಲಿ ತಂಬೂರಿಯ ಮಂದ್ರ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಸ್ವಯಂಭೂ ಗಾಂಧಾರವನ್ನು ಕೇಳುತ್ತ ಬೆಳೆದ ಕಿವಿಗೆ ಅದು ಹಳೆಯ ಪರಿಚಯ. ತಂಗಿ ಕೆಳಗಿನ ಷಡ್ಜ ಹಿಡಿದಾಗ ನಾನು ಅದರಲ್ಲೇ ಅಡಗಿರುವ ಗಾಂಧಾರವನ್ನು ಹುಡುಕಿ ಅದರ ಮೇಲೆ ನಿಲ್ಲುತ್ತಿದ್ದೆ. ಪಾಶ್ಚಾತ್ಯ ಸಂಗೀತಕ್ಕೆ ಬಂದ ಮೇಲೆ ಬಾಲ್ಯದ ಪಾಠ ಇಷ್ಟು ನೇರವಾಗಿ ನನ್ನ ಕೈಹಿಡಿದದ್ದು ಅದೇ ಮೊದಲು. ಹಾಕ್‌ಬ್ರೆಟ್ ಮತ್ತು ಹಾರ್ಪ್ ಸೇರಿಕೊಂಡ ಕೂಡಲೇ ಶ್ರುತಿ ಮತ್ತೆ ಅವುಗಳ ಕಡೆಗೆ ಬಾಗಬೇಕು. ವಾದ್ಯದ ಚರಣದಿಂದ ಬರಿದನಿಯ ಚರಣಕ್ಕೆ ಹೋಗುವಾಗ ಈ ಹೊರಳಿಕೆಯನ್ನು ಮೂವರೂ ಒಟ್ಟಿಗೆ ಮಾಡಬೇಕಾಗುತ್ತದೆ.

ಸಹಜ ಗಾಂಧಾರ ಕೂರಬೇಕಾದರೆ ದನಿಯಲ್ಲಿ ಅಲುಗಾಟ ಇರಬಾರದು. ಶಾಸ್ತ್ರೀಯ ಗಾಯಕರ ಕಂಪನ ಸೆಕೆಂಡಿಗೆ ಐದಾರು ಬಾರಿ ಸ್ವರವನ್ನು ಮೇಲೆ ಕೆಳಗೆ ತೂಗುತ್ತದೆ. ತೂಗುವ ಸ್ವರದ ಮೇಲೆ ಇನ್ನೊಂದು ಸ್ವರ ನಿಲ್ಲುವುದೆಲ್ಲಿ? ಹಾಗೆಂದು ಕಂಪನವನ್ನು ಗಂಟಲಿನಿಂದ ಒತ್ತಿ ಹಿಡಿದರೆ ನಾಲಿಗೆಯ ಬುಡ ಬಿಗಿಯುತ್ತದೆ, ಒಂದು ಗಂಟೆಯ ತಾಲೀಮಿಗೆ ಆಯಾಸ ತಟ್ಟುತ್ತದೆ. ನನಗೆ ದಾರಿ ಸಿಕ್ಕಿದ್ದು ಗುನುಗುವುದರಲ್ಲಿ. ಮೊದಲು ಇಡೀ ಹಾಡನ್ನು ಬಾಯಿ ಮುಚ್ಚಿ ‘ಮ್’ ಎಂದು, ಆಮೇಲೆ ‘ನ್’ ಎಂದು, ಕೊನೆಗೆ ಆ ಗುನುಗನ್ನೇ ಸ್ವಲ್ಪ ತೆರೆದು ಸಾಹಿತ್ಯ ಸೇರಿಸಿ ಹಾಡಿದೆ. ಗುನುಗುವಾಗ ಉಸಿರಿನ ಒತ್ತಡ ತಾನಾಗಿ ಇಳಿದು ಕಂಪನ ಬಿಟ್ಟುಹೋಗುತ್ತದೆ. ಜೊತೆಗೆ ಸ್ವರಾಕ್ಷರಗಳನ್ನು ಹೊಂದಿಸಿಕೊಳ್ಳಬೇಕು. ಅಕ್ಕತಂಗಿಯರು ಒಂದೇ ಮನೆಯಲ್ಲಿ ಮಾತು ಕಲಿತವರು. ಅವರ ‘ಆ’ ಒಂದೇ ‘ಆ’. ನನ್ನ ‘ಆ’ ಇಟಲಿಯ ಏರಿಯಾಗಳಲ್ಲಿ, ಅಂದರೆ ಒಂಟಿ ದನಿಯ ಶಾಸ್ತ್ರೀಯ ಗೀತೆಗಳಲ್ಲಿ ಪಳಗಿದ್ದು, ತೆರೆದದ್ದು, ಹೊಳಪಿನದು. ಅವರ ಬಾಯಿಯನ್ನು ನೋಡುತ್ತ, ತುಟಿಯ ಆಕಾರವನ್ನು ಹಾಗೆಯೇ ನಕಲು ಮಾಡುತ್ತ ಹೋದೆ. ಮೂವರ ಸ್ವರಾಕ್ಷರ ಒಂದಾದ ದಿನ ಶ್ರುತಿಯ ತೊಡಕು ಬಹುಪಾಲು ತಾನಾಗಿಯೇ ಬಗೆಹರಿಯಿತು.

ಈಗ ಯೋಡಲ್‌ಗೆ ಬರುತ್ತೇನೆ. ಎಲ್ಲರೂ ಮೊದಲು ಕೇಳುವುದು ಇದನ್ನೇ.

ಪ್ರತಿ ಶಾರೀರದಲ್ಲೂ ಎದೆದನಿ ಮತ್ತು ತಲೆದನಿ ಎಂದು ಎರಡು ನೆಲೆಗಳಿವೆ. ಎದೆದನಿಯಲ್ಲಿ ಸ್ವರತಂತುಗಳು ದಪ್ಪಗಾಗಿ ಪೂರ್ತಿ ಕೂಡಿ ಅದುರುತ್ತವೆ. ತಲೆದನಿಯಲ್ಲಿ ಎಳೆದು ತೆಳ್ಳಗಾಗಿ ಅಂಚು ಮಾತ್ರ ಅದುರುತ್ತದೆ. ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ದನಿ ಒಡೆಯುತ್ತದೆ. ಆ ಒಡಕು ಕೇಳಿಸದಂತೆ ನೆಲೆಗಳನ್ನು ಬೆಸೆಯುವುದಕ್ಕೆ ಪಾಶ್ಚಾತ್ಯ ಶಾಸ್ತ್ರೀಯ ಶಿಕ್ಷಣದಲ್ಲಿ ವರ್ಷಗಳೇ ಹಿಡಿಯುತ್ತವೆ. ನಮ್ಮ ಕರ್ನಾಟಕ ಸಂಗೀತದಲ್ಲಿಯೂ ತಾರಸ್ಥಾಯಿಯಲ್ಲಿ ಕಳ್ಳದನಿಗೆ ಜಾರಿದರೆ ಗುರುಗಳು ಅಲ್ಲೇ ನಿಲ್ಲಿಸುತ್ತಿದ್ದರು. ಯೋಡಲ್‌ನಲ್ಲಿ ಆ ಒಡಕೇ ಅಲಂಕಾರ. ಎದೆದನಿಯಿಂದ ತಲೆದನಿಗೆ ಆರು, ಏಳು, ಕೆಲವೊಮ್ಮೆ ಹತ್ತು ಸ್ವರಗಳ ಅಂತರಕ್ಕೆ ನೆಗೆಯಬೇಕು, ನೆಗೆತ ಕೇಳಿಸಬೇಕು, ನಡುವೆ ಜಾರು ಇರಬಾರದು. ಅರ್ಥವಿರುವ ಪದಗಳಿಲ್ಲ, ಕೆಳಸ್ವರಕ್ಕೆ ‘ಓ’, ‘ಆ’, ಮೇಲುಸ್ವರಕ್ಕೆ ‘ಈ’, ‘ಊ’ ಬರುವಂತೆ ಅಕ್ಷರಗಳನ್ನು ಹೆಣೆದಿರುತ್ತಾರೆ. ಇದು ಬಾಯಿಗೆ ಬಂದಂತೆ ಹೆಣೆದದ್ದಲ್ಲ: ‘ಓ’ ಎಂದಾಗ ಗಂಟಲು ಎದೆದನಿಗೆ ಒಲಿಯುತ್ತದೆ, ‘ಈ’ ಎಂದಾಗ ತಲೆದನಿಗೆ. ಅಕ್ಷರವೇ ದನಿಯನ್ನು ದಾಟಿಸುತ್ತದೆ.

ಸಮಸ್ಯೆ ಎಂದರೆ ಶಾಸ್ತ್ರೀಯ ಶಿಕ್ಷಣ ಪಡೆದ ಹೆಣ್ಣುದನಿಗೆ ನಡುಸ್ಥಾಯಿಯಲ್ಲಿ ಶುದ್ಧ ಎದೆದನಿಯೇ ಉಳಿದಿರುವುದಿಲ್ಲ. ಎರಡನ್ನೂ ಬೆರೆಸಿ ಬೆರೆಸಿ ನಡುವೆ ಮಿಶ್ರದನಿ ನೆಲೆಸಿಬಿಟ್ಟಿರುತ್ತದೆ. ಮಿಶ್ರದನಿಯಿಂದ ನೆಗೆದರೆ ಒಡಕು ಕೇಳುವುದಿಲ್ಲ, ದೊಡ್ಡ ಅಂತರವೊಂದನ್ನು ನಯವಾಗಿ ಹಾಡಿದಂತೆ ಕೇಳುತ್ತದೆ. ಹಾಗಾಗಿ ನಾನು ಮೊದಲು ಮಾಡಿದ ಕೆಲಸ ನೆಗೆತದ ಅಭ್ಯಾಸವಲ್ಲ, ಎದೆದನಿಯನ್ನು ಮರಳಿ ಪಡೆಯುವುದು. ದೂರದಲ್ಲಿರುವವರನ್ನು ಕೂಗಿ ಕರೆಯುವ ದನಿಯಿಂದ ಶುರುಮಾಡಿದೆ. ಹುಲ್ಲುಗಾವಲಿನ ದನಗಾಹಿಗಳು ಕಣಿವೆಯಾಚೆಗೆ ಕೂಗು ಹಾಕುತ್ತಿದ್ದದ್ದೂ ಇದೇ ದನಿಯಲ್ಲಿ. ಯೋಡಲ್‌ನ ಬೇರು ಆ ಕೂಗುಗಳಲ್ಲಿದೆ. ಕೂಗಿನಿಂದ ಮಾತು, ಮಾತಿನಿಂದ ಒಂದು ಸ್ವರ, ಒಂದರಿಂದ ಐದು ಸ್ವರ ಹೀಗೆ ಎದೆದನಿಯನ್ನು ಬೆಳೆಸಿದೆ. ಆಮೇಲೆ ನೆಗೆತ. ಮೊದಲು ನಾಲ್ಕು ಸ್ವರದ ಅಂತರ, ಆಮೇಲೆ ಆರು. ಮೇಲಿನ ಸ್ವರಕ್ಕೆ ಬಲ ಹಾಕಬಾರದು. ಕೆಳಸ್ವರಕ್ಕೆ ಕೊಟ್ಟ ಉಸಿರಿನ ಬಹುಪಾಲನ್ನು ಬಿಟ್ಟುಕೊಟ್ಟರೆ ದನಿ ತಾನೇ ಮೇಲೆ ಹಾರುತ್ತದೆ. ನೀರೊಳಗೆ ಒತ್ತಿ ಹಿಡಿದ ತೆಂಗಿನಕಾಯಿ ಕೈಬಿಟ್ಟರೆ ಮೇಲೆದ್ದು ಬರುವಂತೆ. ಎತ್ತುವ ಕೆಲಸ ನಮ್ಮದಲ್ಲ, ಬಿಡುವ ಕೆಲಸ ಮಾತ್ರ ನಮ್ಮದು. ಇದು ದೇಹಕ್ಕೆ ಹೊಳೆದ ದಿನ ಅಕ್ಕ ಝಿಟರ್ ಮೇಲಿನ ಕೈಯನ್ನು ನಿಲ್ಲಿಸಿ, “ಹಾಂ, ಈಗ ನೀನು ಹಾಡುತ್ತಿಲ್ಲ, ಯೋಡಲ್ ಮಾಡುತ್ತಿದ್ದೀಯ” ಎಂದರು.

ಯೋಡಲ್ ಅನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಯೋಸೆಫ್ ಪೊಮ್ಮರ್ 1902ರಲ್ಲಿ ಪ್ರಕಟಿಸಿದ ಸ್ಟೈಯರ್‌ಮಾರ್ಕ್ ಮತ್ತು ಅದರ ಗಡಿಸೀಮೆಯ 444 ಯೋಡಲ್ ಮತ್ತು ಕೇಕೆಗಳ ಸಂಗ್ರಹ ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ನೊಟೇಶನ್ ಓದಬಲ್ಲವರಿಗೆ ಅದರಲ್ಲಿ ಸ್ವರಗಳ ಎಲುಬುಗೂಡು ಸಿಗುತ್ತದೆ: ಬಹುತೇಕ ಎಲ್ಲವೂ ಎರಡೇ ಸ್ವರಮೇಳಗಳ (ಕಾರ್ಡ್‌ಗಳ) ಸುತ್ತ ತಿರುಗುತ್ತವೆ, ದನಿಗಳು ಒಂದನ್ನೊಂದು ದಾಟುತ್ತ ಮೇಲಿನದು ಕೆಳಗಾಗುತ್ತ, ಕೆಳಗಿನದು ಮೇಲಾಗುತ್ತ ಹೋಗುತ್ತವೆ. ಎಷ್ಟು ಹೊತ್ತು ನಿಲ್ಲಬೇಕು, ಯಾರು ಯಾರಿಗಾಗಿ ಕಾಯಬೇಕು ಎಂಬುದಕ್ಕೆ ಮಾತ್ರ ಪಕ್ಕದಲ್ಲಿ ಹಾಡುವವರು ಬೇಕು. ಗುರುಮುಖದಿಂದ ಕೇಳಿ ಕಲಿಯುವ, ಪಾಠಾಂತರ ಎಂದು ನಾವು ಕರೆಯುವ ಕ್ರಮ ಇಲ್ಲಿಯೂ ಉಂಟು. ಎರಡೂ ಕೈ ಬೇಕು, ಪುಸ್ತಕವೂ ಬೇಕು, ಪಕ್ಕದವರೂ ಬೇಕು.

ಭಾಷೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಲೀಡ್ ಹಾಡಲು ನಾವು ಕಲಿಯುವುದು ರಂಗಭೂಮಿಯ ಶುದ್ಧ ಜರ್ಮನ್. ಹಾಡುಗಳಿರುವುದು ಬವೇರಿಯನ್ ಮೂಲದ ಆಡುನುಡಿಯಲ್ಲಿ. ಪಶ್ಚಿಮದ ತುದಿಯ ಫೋರಾರ್ಲ್‌ಬರ್ಗ್‌ನದು ಅದಕ್ಕಿಂತಲೂ ಬೇರೆ. ಇಲ್ಲಿಯ ‘ಆ’ ಬಹಳ ಕಡೆ ‘ಓ’ ಕಡೆಗೆ ವಾಲುತ್ತದೆ, ಹಾಡಿನ ಪುಸ್ತಕಗಳಲ್ಲಿ ಅದರ ಮೇಲೆ ಸಣ್ಣ ಸೊನ್ನೆ ಹಾಕಿ ತೋರಿಸುತ್ತಾರೆ. ಜೋಡಿಸ್ವರಗಳು ಹೆಚ್ಚು, ಅವುಗಳಲ್ಲಿ ಮೊದಲ ಸ್ವರದ ಮೇಲೆ ನಿಂತು ಎರಡನೆಯದನ್ನು ಕೊನೆಗೆ ತಾಗಿಸಿ ಬಿಡಬೇಕು. ಪದದ ಕೊನೆಯ ವ್ಯಂಜನಗಳನ್ನು ವೇದಿಕೆಯ ಮೇಲಿನಂತೆ ಸಿಡಿಸಬಾರದು, ‘ರ’ಕಾರವನ್ನು ಉರುಳಿಸಬಾರದು. ಅರ್ಥ ಗೊತ್ತಿಲ್ಲದ ಒಂದು ಪದವನ್ನೂ ಹಾಡಬಾರದು ಎಂದು ನಾನೇ ಹಾಕಿಕೊಂಡ ಕಟ್ಟಳೆ ಇದೆ. ಪ್ರತಿ ಹಾಡನ್ನೂ ತಂಗಿ ಮಾತಿನಲ್ಲಿ ಹೇಳಿದ್ದನ್ನು ಮೊಬೈಲ್‌ನಲ್ಲಿ ಮುದ್ರಿಸಿಕೊಂಡು ರೈಲಿನಲ್ಲಿ ಕೇಳುತ್ತ ಬರುತ್ತೇನೆ.

ಲಯದ ಬಗ್ಗೆ ಪುಸ್ತಕಗಳು ಮುಕ್ಕಾಲು ತಾಳ ಎಂದು ಬರೆದು ಮುಗಿಸುತ್ತವೆ. ಲೆಂಡ್ಲರ್ ಎಂಬ ಹಳ್ಳಿಯ ಜೋಡಿನೃತ್ಯದ ಹಾಡುಗಳೆಲ್ಲ ಮೂರು ಎಣಿಕೆಯವೇ. ಆದರೆ ಆ ಮೂರು ಎಣಿಕೆಗಳು ಸಮನಾಗಿರುವುದಿಲ್ಲ. ಯಾವುದು ಹಿಗ್ಗುತ್ತದೆ, ಯಾವುದು ಕುಗ್ಗುತ್ತದೆ ಎನ್ನುವುದು ಊರಿಂದೂರಿಗೆ ಬದಲಾಗುತ್ತದೆ. ಮೇಲು ಆಸ್ಟ್ರಿಯಾ ಪ್ರಾಂತ್ಯದ ಇನ್‌ಫಿಯರ್ಟಲ್ ಸೀಮೆಯಲ್ಲಂತೂ ಇದು ಎದ್ದು ಕಾಣುತ್ತದೆ. ಔಸ್ಸೇ ಕಡೆಯಲ್ಲಿ ಇದರ ಮೇಲೆ ಪಾಶೆನ್ ಎಂಬ ಚಪ್ಪಾಳೆ ಬೇರೆ: ಹಾಡಿನ ನಡುವೆ ಗಂಡಸರು ಮೇಜಿನ ಸುತ್ತ ನಿಂತು ಒಬ್ಬರು ಮೂಲ ಎಣಿಕೆ ಹಿಡಿದರೆ ಇನ್ನೊಬ್ಬರು ಅದರ ಸಂದಿನಲ್ಲಿ, ಮತ್ತೊಬ್ಬರು ಅದನ್ನೂ ಒಡೆದು ತಟ್ಟುತ್ತಾರೆ. ಕೊನ್ನಕ್ಕೋಲು, ಅಂದರೆ ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳನ್ನು ಕೇಳಿದ ಕಿವಿಗೆ ಅದರ ಲೆಕ್ಕ ಬೇಗ ಹತ್ತುತ್ತದೆ. ನಾನು ಅದನ್ನು ತಟ್ಟಲು ಕಲಿತದ್ದು ಹಾಡಿಗೆ ಲಾಭವಾಯಿತು, ಏಕೆಂದರೆ ತಟ್ಟಲು ಬಾರದವರು ಚರಣವನ್ನು ಎಲ್ಲಿ ಎತ್ತಿಕೊಳ್ಳಬೇಕೆಂದು ಪಕ್ಕದವರ ಮುಖ ನೋಡುತ್ತ ನಿಲ್ಲಬೇಕಾಗುತ್ತದೆ.

ಶ್ರುತಿಯ ಆಯ್ಕೆಯೂ ಇಲ್ಲಿ ಹಾಡುವವರ ಕೈಯಲ್ಲಿಲ್ಲ. ಪಿಯಾನೊ ಸಹವಾದಕರಿಗೆ ಅರ್ಧ ಸ್ವರ ಇಳಿಸಿ ಎಂದರೆ ಇಳಿಸುತ್ತಾರೆ. ಬೇಸಿಗೆಯ ಕಾರ್ಯಕ್ರಮಗಳಿಗೆ ನಮ್ಮ ಜೊತೆ ಬರುವ ಸ್ಟೈರಿಷೆ ಹಾರ್ಮೋನಿಕಾ ಎಂಬ ಗುಂಡಿಗಳ ಅಕಾರ್ಡಿಯನ್ ಹಾಗಲ್ಲ. ಅದರಲ್ಲಿ ಒಂದೇ ಗುಂಡಿಗೆ ತಿದಿಯನ್ನು ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು. ನಾಲ್ಕು ಸಾಲು ಗುಂಡಿಗಳಿದ್ದರೆ ನಾಲ್ಕೇ ಶ್ರುತಿಗಳಲ್ಲಿ ಸಲೀಸಾಗಿ ನುಡಿಯುತ್ತದೆ. ನಮ್ಮ ಜೊತೆಗಾರರದು ಜಿ, ಸಿ, ಎಫ್, ಬಿ-ಫ್ಲಾಟ್. ಪ್ರತಿ ಹಾಡನ್ನೂ ಈ ನಾಲ್ಕರಲ್ಲೇ ಹಂಚಬೇಕು. ನನಗೆ ಡಿ ಹೊಂದುತ್ತಿದ್ದ ಯೋಡಲ್ ಒಂದನ್ನು ಸಿಗೆ ಇಳಿಸಿದಾಗ ಎದೆದನಿ ಹೆಚ್ಚು ಗಟ್ಟಿಯಾಗಿ ನಿಂತಿತು, ಎಫ್‌ಗೆ ಏರಿಸಿದಾಗ ನೆಗೆತವೇ ಹಾಡಿನ ಜೀವಾಳವಾಯಿತು. ಒಂದೇ ಹಾಡನ್ನು ಎರಡೂ ಶ್ರುತಿಯಲ್ಲಿ ಹಾಡಿ ನೋಡಿ, ಆಮೇಲೆ ತೀರ್ಮಾನಿಸುವುದು ಈಗ ರೂಢಿಯಾಗಿದೆ.

ಏನನ್ನು ಹಾಡುತ್ತೇವೆ ಎಂಬುದರಷ್ಟೇ ಆ ಹಾಡು ಯಾರ ಕೈಯಿಂದ ನಮಗೆ ಬಂತು ಎಂಬುದೂ ನನಗೆ ಮುಖ್ಯ. ಹಳ್ಳಿ ಹಾಡುಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸುವ ಕೆಲಸ ಇಲ್ಲಿ 1819ರಲ್ಲಿ ವಿಯೆನ್ನಾದ ಸಂಗೀತಪ್ರಿಯರ ಸಂಘದ ಮೂಲಕ ಆರಂಭವಾಯಿತು. ಯೋಸೆಫ್ ಸೋನ್‌ಲೈಟ್ನರ್ ಹೆಸರಿನಿಂದ ಆ ಸಂಗ್ರಹವನ್ನು ಕರೆಯುತ್ತಾರೆ. 1904ರಲ್ಲಿ ಸರ್ಕಾರವೇ ಸಾಮ್ರಾಜ್ಯದ ಬೇರೆ ಬೇರೆ ಭಾಷೆಗಳ ಹಾಡುಗಳನ್ನು ಕೂಡಿಸುವ ಯೋಜನೆ ಹೂಡಿತು. ಇಂದಿನ ಆಸ್ಟ್ರಿಯಾ ಜನಪದ ಹಾಡು ಸಂಸ್ಥೆ, ಅಂದರೆ ಫೋಕ್ಸ್‌ಲೀಡ್‌ವೆರ್ಕ್, ಅದರ ಉತ್ತರಾಧಿಕಾರಿ. ಆ ಯೋಜನೆಯ ಮುಂಚೂಣಿಯಲ್ಲಿದ್ದ ಪೊಮ್ಮರ್ ಕಟ್ಟಾ ಜರ್ಮನ್ ರಾಷ್ಟ್ರೀಯವಾದಿ. ಅವರ ಸಂಗ್ರಹವನ್ನು ನಾನು ದಿನವೂ ಬಳಸುತ್ತೇನೆ, ಅವರ ರಾಜಕೀಯವನ್ನು ಒಪ್ಪುವುದಿಲ್ಲ. 1938ರಿಂದ 1945ರವರೆಗೆ ನಾಜಿಗಳು ಇದೇ ಹಾಡುಗಳನ್ನು, ಇದೇ ಉಡುಪನ್ನು ಜನಾಂಗದ ಹೆಮ್ಮೆಯ ಗುರುತಾಗಿ ಮೆರೆಸಿದರು. ಇದನ್ನು ಮುಚ್ಚಿಟ್ಟು ಹಾಡುವುದು ನನಗೆ ಸಾಧ್ಯವಿಲ್ಲ.

ಅದಕ್ಕೇ ನಮ್ಮ ಕಾರ್ಯಕ್ರಮಗಳಲ್ಲಿ ಕೊನ್ರಾಡ್ ಮೌಟ್ನರ್ ಅವರ ಹೆಸರು ತಪ್ಪದೆ ಬರುತ್ತದೆ. ವಿಯೆನ್ನಾದ ಶ್ರೀಮಂತ ಯಹೂದಿ ಉದ್ಯಮಿ ಮನೆತನದಲ್ಲಿ 1880ರಲ್ಲಿ ಹುಟ್ಟಿದ ಅವರಿಗೆ ಗ್ರುಂಡ್ಲ್‌ಸೇ ದಡದ ಗೋಸ್ಲ್ ಹಳ್ಳಿ ಬೇಸಿಗೆಯ ಮನೆಯಾಗಿತ್ತು. ಅಲ್ಲಿಯ ರೈತರು, ಮರ ಕಡಿಯುವವರು ಹಾಡುತ್ತಿದ್ದ ನಾಲ್ಕು ಸಾಲಿನ ಪದಗಳನ್ನು, ರಾತ್ರಿ ಹುಡುಗಿಯ ಕಿಟಕಿಯ ಕೆಳಗೆ ನಿಂತು ಹುಡುಗರು ಹೇಳುತ್ತಿದ್ದ ಪ್ರಾಸಗಳನ್ನು ಕೈಬರಹದಲ್ಲೇ, ಬಣ್ಣದ ಚಿತ್ರಗಳ ಜೊತೆ, 1910ರಲ್ಲಿ ‘ಸ್ಟೈರಿಷೆಸ್ ರಾಸ್ಪಲ್‌ವೆರ್ಕ್’ ಎಂಬ ಪುಸ್ತಕವಾಗಿ ತಂದರು. 1918ರಲ್ಲಿ ಇನ್ನೊಂದು ದೊಡ್ಡ ಸಂಗ್ರಹ ಬಂತು. 1924ರಲ್ಲಿ ಅವರು ತೀರಿಕೊಂಡರು. ಬಟ್ಟೆಗೆ ಕೈಯಿಂದ ಅಚ್ಚು ಹಾಕುವ ಕಲೆಯನ್ನು ಆ ಸೀಮೆಯಲ್ಲಿ ಬೆಳೆಸಿದವರು ಅವರ ಪತ್ನಿ ಅನ್ನಾ. 1938ರಲ್ಲಿ ಆಸ್ಟ್ರಿಯಾ ಹಿಟ್ಲರನ ಕೈಸೇರಿದ ಮೇಲೆ ಈ ಕುಟುಂಬ ದೇಶ ಬಿಡಬೇಕಾಯಿತು. ಊರಿನ ಹಾಡನ್ನು ಊರಿನವರಿಗಿಂತ ಹೆಚ್ಚಾಗಿ ಪ್ರೀತಿಸಿ ಉಳಿಸಿಕೊಟ್ಟ ಮನೆಯವರಿಗೆ ಆ ಊರಿನಲ್ಲಿ ನೆಲೆ ಇಲ್ಲವಾಯಿತು. ನಾವು ಹಾಡುವ ಪದಗಳಲ್ಲಿ ಹಲವು ಅವರ ಪುಸ್ತಕದವು. ವೇದಿಕೆಯ ಮೇಲೆ ಇದನ್ನು ನಾನೇ ಹೇಳುತ್ತೇನೆ. ಹಾಡು ರಕ್ತದಿಂದ ಬರುತ್ತದೆ ಎಂದು ಯಾರಾದರೂ ವಾದಿಸಿದರೆ ಗೋಸ್ಲ್‌ನ ಈ ಕಥೆಗಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ಉಡುಪಿನ ಪ್ರಶ್ನೆಯೂ ಇಲ್ಲೇ ಇತ್ಯರ್ಥವಾಯಿತು. ಹಸಿರು ಕುಪ್ಪಸ, ಗುಲಾಬಿ ಲಂಗ, ನೇರಳೆ ಏಪ್ರನ್ ಇದು ಔಸ್ಸೇ ಹೆಂಗಸರ ಡಿರ್ನ್‌ಡ್ಲ್. ನಾನೂ ತೊಡಬೇಕೇ ಎಂದು ಕೇಳಿದಾಗ ಅಕ್ಕ, “ನಿನಗೆ ಇಷ್ಟವಿದ್ದರೆ ತೊಡು, ಇಲ್ಲದಿದ್ದರೆ ಬೇಡ, ಹಾಡುವುದು ಬಟ್ಟೆಯಲ್ಲ” ಎಂದರು. ನಾನು ಸರಳವಾದ ಕಪ್ಪು ಉಡುಪಿನ ಮೇಲೆ ಅಲ್ಲಿಯ ಕೈಅಚ್ಚಿನ ರೇಷ್ಮೆ ವಸ್ತ್ರವನ್ನು ಹೊದ್ದು ಹಾಡುತ್ತೇನೆ.

ನಮ್ಮ ದೊಡ್ಡ ಕಾರ್ಯಕ್ರಮಗಳು ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ವಾರಗಳ ಅಡ್ವೆಂಟ್ ಕಾಲದವು, ಹೆಚ್ಚಾಗಿ ಹಳ್ಳಿಯ ಚರ್ಚುಗಳಲ್ಲಿ. ಕಲ್ಲಿನ ಚರ್ಚು ಸ್ಟೂಬೆಗೆ ತದ್ವಿರುದ್ಧ. ಅಲ್ಲಿ ಒಂದು ಸ್ವರ ಹಲವು ಸೆಕೆಂಡು ತೇಲುತ್ತದೆ. ಸಂಘಟಕರು ಮೈಕ್ ಇಡೋಣ ಎನ್ನುತ್ತಾರೆ, ನಾವು ಬೇಡ ಎನ್ನುತ್ತೇವೆ. ವೇದಿಕೆಯ ಮೇಲೆ ಸಾಲಾಗಿ ನಿಲ್ಲದೆ, ಮನೆಯಲ್ಲಿ ಮೇಜಿನ ಸುತ್ತ ಕುಳಿತಂತೆಯೇ ಅರ್ಧವೃತ್ತದಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂರುತ್ತೇವೆ. ಮೊದಲ ಹಾಡಿಗೆ ಜನ ಕಿವಿ ನಿಮಿರಿಸಿ ಮುಂದೆ ಬಾಗುತ್ತಾರೆ, ಎರಡನೆಯದಕ್ಕೆ ಅವರ ಕಿವಿ ನಮ್ಮ ಅಳತೆಗೆ ಹೊಂದಿಕೊಂಡಿರುತ್ತದೆ. 1818ರ ಡಿಸೆಂಬರ್ 24ರಂದು ಓಬರ್ನ್‌ಡೋರ್ಫ್‌ನಲ್ಲಿ ಯೋಸೆಫ್ ಮೋರ್ ಮತ್ತು ಫ್ರಾನ್ಸ್ ಕ್ಸಾವರ್ ಗ್ರೂಬರ್ ಗಿಟಾರ್ ಜೊತೆ ಮೊದಲ ಬಾರಿಗೆ ಹಾಡಿದ ‘ಸ್ಟಿಲೆ ನಾಖ್ಟ್’ ಹಾಡಬೇಕೆಂದು ಪ್ರವಾಸಿಗಳು ಕೇಳುತ್ತಾರೆ. ಡಿಸೆಂಬರ್ 24ರ ಸಂಜೆಗೆ ಮೊದಲು ಅದನ್ನು ಹಾಡದ ಮನೆಗಳು ಇಲ್ಲಿ ಬಹಳ. ನಮ್ಮ ಮೇಳದವರೂ ಹಾಡುವುದಿಲ್ಲ. ಅದರ ಬದಲು ಕೊನೆಗೆ ಆಂಡಾಖ್ಟ್ಸ್‌ಯೋಡ್ಲರ್ ಎತ್ತಿಕೊಳ್ಳುತ್ತೇವೆ. ಇಂದು ಇಟಲಿಯಲ್ಲಿರುವ ದಕ್ಷಿಣ ಟಿರೋಲ್‌ನ ಸ್ಟರ್ಟ್ಸಿಂಗ್ ಊರಿನಲ್ಲಿ ಕ್ರಿಸ್‌ಮಸ್ ನಡುರಾತ್ರಿಯ ಪೂಜೆಗೆ ಹಾಡುತ್ತಿದ್ದ ಯೋಡಲ್ ಅದು. ಪದಗಳಿಲ್ಲ, ನೆಗೆತದ ಆರ್ಭಟವೂ ಇಲ್ಲ, ಬಹಳ ನಿಧಾನ. ಮೊದಲ ಸುತ್ತು ನಾವು ಮೂವರೇ. ಎರಡನೆಯದಕ್ಕೆ ಬೆಂಚುಗಳಿಂದ ದನಿಗಳು ಸೇರಿಕೊಳ್ಳುತ್ತವೆ, ಮೂರನೆಯದಕ್ಕೆ ಇಡೀ ಚರ್ಚು ಹಾಡುತ್ತದೆ. ಯಾರೂ ಸೂಚನೆ ಕೊಡುವುದಿಲ್ಲ. ಜನ ತಮಗೆ ಹೊಂದುವ ದನಿಯನ್ನು ತಾವೇ ಹುಡುಕಿಕೊಳ್ಳುತ್ತಾರೆ. ಆ ಮೂರನೆಯ ಸುತ್ತಿನಲ್ಲಿ ನನ್ನ ದನಿ ನನಗೇ ಕೇಳುವುದಿಲ್ಲ. ಗಾಯಕಿಯಾಗಿ ಅಷ್ಟು ನೆಮ್ಮದಿಯ ಕ್ಷಣ ಒಪೆರಾ ವೇದಿಕೆಯಲ್ಲಿ ನನಗೆ ಸಿಕ್ಕಿಲ್ಲ.

ಶಾಸ್ತ್ರೀಯ ವಲಯದವರು ಕೇಳುವ ಪ್ರಶ್ನೆ ಒಂದೇ: ಯೋಡಲ್ ಮಾಡಿದರೆ ಗಂಟಲು ಕೆಡುವುದಿಲ್ಲವೇ? ಬಲ ಹಾಕಿದರೆ ಖಂಡಿತ ಕೆಡುತ್ತದೆ, ಬಲ ಹಾಕಿದರೆ ವ್ಯಾಗ್ನರ್ ಒಪೆರಾ ಹಾಡಿದರೂ ಕೆಡುತ್ತದೆ. ಶಾಸ್ತ್ರೀಯಕ್ಕೂ ಜನಪದಕ್ಕೂ ನಡುವೆ ಗೋಡೆ ಇಲ್ಲಿ ಎಂದೂ ಅಷ್ಟು ಎತ್ತರವಾಗಿರಲಿಲ್ಲ. ಆಸ್ಟ್ರಿಯಾದ ಸಂಗೀತಕಾರ ಹೈಡನ್ 1765ರಲ್ಲಿ ಹಳ್ಳಿ ಹಾಡೊಂದರ ಮಟ್ಟಿನ ಮೇಲೆ ಕೀಬೋರ್ಡ್‌ಗೆ ಕೃತಿ ಕಟ್ಟಿದರು. ಶೂಬರ್ಟ್ ರಾಶಿ ರಾಶಿ ಲೆಂಡ್ಲರ್‌ಗಳನ್ನು ಬರೆದರು. ಕೆರ್ನ್‌ಟೆನ್ ಪ್ರಾಂತ್ಯದ ಹಾಡುಗಳನ್ನು ಊರೂರಿಗೆ ಮುಟ್ಟಿಸಿದ ಥೋಮಸ್ ಕೋಶಾಟ್ ವಿಯೆನ್ನಾದ ಆಸ್ಥಾನ ಒಪೆರಾದ ಕಾಯರ್ ಗಾಯಕರಾಗಿದ್ದರು. ನನಗಂತೂ ಶೂಬರ್ಟ್ ಹಾಡುವುದು ಈಗ ಸುಲಭವಾಗಿದೆ. ಒಂದೇ ಮಟ್ಟಿನಲ್ಲಿ ಐದಾರು ಚರಣಗಳಿರುವ ಅವರ ಹಾಡುಗಳಲ್ಲಿ ಪ್ರತಿ ಚರಣಕ್ಕೂ ಹೊಸ ಬಣ್ಣ ಹಚ್ಚಲು ಹೆಣಗುತ್ತಿದ್ದವಳು ಈಗ ಸಾಹಿತ್ಯವನ್ನು ಹೇಳಿ ಮುಂದೆ ಹೋಗುತ್ತೇನೆ.

ಎರಡನ್ನೂ ಒಟ್ಟಿಗೆ ನಡೆಸಬೇಕೆಂದಿರುವವರಿಗೆ ನನ್ನ ವಾರದ ಕ್ರಮ ಹೇಳುತ್ತೇನೆ. ದಿನದ ಆರಂಭ ಯಾವಾಗಲೂ ಗುನುಗಿನಿಂದ ಮತ್ತು ಮಿಶ್ರದನಿಯಿಂದ. ಯೋಡಲ್ ಅಭ್ಯಾಸ ಮಧ್ಯಾಹ್ನದ ಮೇಲೆ, ದನಿ ಪೂರ್ತಿ ಎಚ್ಚೆತ್ತ ಮೇಲೆ, ಕಡಿಮೆ ಹೊತ್ತು. ಅದು ಮುಗಿದ ಕೂಡಲೇ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಜಾರುವ ಸ್ವರಗಳನ್ನು ‘ಊ’ಕಾರದಲ್ಲಿ ಹಾಡಿ ಎರಡು ನೆಲೆಗಳನ್ನು ಮತ್ತೆ ಬೆಸೆಯುತ್ತೇನೆ, ಇದನ್ನು ಬಿಟ್ಟರೆ ಮಾರನೆಯ ದಿನ ನಡುಸ್ಥಾಯಿಯಲ್ಲಿ ಒಡಕು ತಾನಾಗಿ ಇಣುಕುತ್ತದೆ. ಬಾಖ್ ಕಚೇರಿಯ ಹಿಂದಿನ ದಿನ ಯೋಡಲ್ ಇಲ್ಲ. ಯೋಡಲ್ ಕಾರ್ಯಕ್ರಮದ ಹಿಂದಿನ ದಿನ ಬಾಖ್ ಹಾಡಿದರೆ ತೊಂದರೆಯಿಲ್ಲ, ಎದೆದನಿಯನ್ನು ಎಬ್ಬಿಸಲು ಬೆಳಗ್ಗೆ ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ ಅಷ್ಟೇ. ಸಾಧ್ಯವಾದರೆ ಆ ಅಭ್ಯಾಸವನ್ನು ಮನೆಯ ಹೊರಗೆ, ಬಯಲಿನಲ್ಲಿ ಮಾಡಿ. ಗೋಡೆಗಳಿಂದ ದನಿ ಮರಳಿ ಬಾರದಿದ್ದಾಗ ನೆಗೆತ ಎಲ್ಲಿ ಮಸುಕಾಗಿದೆ ಎಂಬುದು ಕೂಡಲೇ ತಿಳಿಯುತ್ತದೆ.